ಗೋಡೌನ್ ಪದಕ್ಕೂ ‘ಕೆಳಗೆ ಹೋಗು’ ಎಂಬುದಕ್ಕೂ ನಿಜವಾಗಿ ಸಂಬಂಧವಿದೆಯೇ?

ಸರಕುಪಟ್ಟಿ

ನಾನು ಸಾಂಬಾರ ಪದಾರ್ಥಗಳ ರಫ್ತು ವ್ಯವಹಾರದಲ್ಲಿದ್ದೇನೆ. ಮೊನ್ನೆ ಅಮೆರಿಕದ ಖರೀದಿದಾರರೊಬ್ಬರಿಗೆ ‘ಸರಕು ನಮ್ಮ ಗೋಡೌನಿನಿಂದ ಹೊರಟಿದೆ’ ಎಂದು ಇಂಗ್ಲಿಷಿನಲ್ಲಿ ಬರೆದೆ. ಗೋಡೌನ್ ಎಂಬ ಊರು ನಕಾಶೆಯಲ್ಲಿ ಸಿಗುತ್ತಿಲ್ಲ, ಅದು ಯಾವ ಬಂದರಿಗೆ ಹತ್ತಿರ ಎಂದು ಮರುಪತ್ರ ಬಂತು. ಇಂಗ್ಲಿಷ್ ಪದವೆಂದು ಇಷ್ಟು ವರ್ಷ ಬಳಸಿದ್ದು ಇಂಗ್ಲಿಷ್ ಮಾತನಾಡುವವರಿಗೇ ತಿಳಿಯುವುದಿಲ್ಲ ಎಂದರೆ ಇದು ಯಾರ ಪದ?

ಕಚೇರಿಯ ಹಿರಿಯರೊಬ್ಬರ ವಿವರಣೆ ಹೀಗಿದೆ: ಕಂಪನಿ ಸರಕಾರದ ಕಾಲದಲ್ಲಿ ಮೂಟೆಗಳನ್ನು ನೆಲಮಾಳಿಗೆಯಲ್ಲಿ ಇಡುತ್ತಿದ್ದರು. ದೊರೆ ಮೇಲೆ ನಿಂತು ಹಮಾಲರಿಗೆ ‘ಗೋ ಡೌನ್, ಗೋ ಡೌನ್’ ಎಂದು ಕೂಗುತ್ತಿದ್ದ. ಹಮಾಲರು ಅದನ್ನೇ ಆ ಜಾಗದ ಹೆಸರೆಂದು ತಿಳಿದರು. ಕಥೆ ಬಹಳ ಅಂದವಾಗಿ ಕೂರುತ್ತದೆ, ನನ್ನ ಅನುಮಾನಕ್ಕೂ ಅದೇ ಕಾರಣ. ತಿಳಿದವರು ಹೇಳಬೇಕು.

ಸಂಸ್ಕೃತಾಭಿಮಾನಿ

ಇದರಲ್ಲಿ ಹುಡುಕುವಂಥದ್ದೇನಿದೆ ಸ್ವಾಮಿ? ಗೋವುಗಳ ಧಾಮ ಗೋಧಾಮ. ಕೊಟ್ಟಿಗೆಯ ಅಟ್ಟದ ಮೇಲೆಯೇ ಹುಲ್ಲು, ಕಾಳುಕಡಿ ಎಲ್ಲವನ್ನೂ ಇಡುವುದು ನಮ್ಮ ಪದ್ಧತಿ. ಗೋಧಾಮ ಗೋದಾಮು ಆಯಿತು, ಬಿಳಿಯರ ನಾಲಿಗೆಯಲ್ಲಿ ಗೋಡೌನ್ ಆಯಿತು. ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇದರ ಬಗ್ಗೆ ಸವಿಸ್ತಾರವಾದ ಬರಹ ಬಂದಿತ್ತು.

ನಿಘಂಟುಪ್ರಿಯ

ಎರಡೂ ಕಥೆಗಳಿಗೆ ಅಂಟಿರುವ ರೋಗ ಒಂದೇ. ಇವತ್ತಿನ ಕಾಗುಣಿತವನ್ನು ಹಿಡಿದು, ಅದನ್ನು ಎರಡು ತುಂಡು ಮಾಡಿ, ತುಂಡುಗಳಿಗೆ ಅರ್ಥ ಹೇಳುವುದು. ಇಂಗ್ಲಿಷ್ ಬಲ್ಲವರಿಗೆ ಅದರಲ್ಲಿ ‘ಡೌನ್’ ಕಾಣಿಸುತ್ತದೆ, ಸಂಸ್ಕೃತ ಬಲ್ಲವರಿಗೆ ‘ಧಾಮ’ ಕಾಣಿಸುತ್ತದೆ. ಹಳೆಯ ಬರಹಗಳಲ್ಲಿ ಪದ ಹೇಗಿತ್ತು ಎಂದು ಯಾರೂ ನೋಡುವುದಿಲ್ಲ.

ನೋಡೋಣ. ಚೆಸಾರೆ ಫೆದೆರಿಚಿ ಎಂಬ ವೆನಿಸ್ಸಿನ ವರ್ತಕ 1563ರಲ್ಲಿ ಹೊರಟು ಹದಿನೆಂಟು ವರ್ಷ ಪೂರ್ವದೇಶಗಳಲ್ಲಿ ಅಲೆದು, ಊರಿಗೆ ಮರಳಿ 1587ರಲ್ಲಿ ತನ್ನ ಪ್ರವಾಸಕಥನವನ್ನು ಪ್ರಕಟಿಸಿದ. ಮರುವರ್ಷವೇ, 1588ರಲ್ಲಿ, ಥಾಮಸ್ ಹಿಕಾಕ್ ಅದನ್ನು ಇಂಗ್ಲಿಷಿಗೆ ತಂದ. ಪೆಗು ಪಟ್ಟಣದ, ಅಂದರೆ ಇಂದಿನ ಮ್ಯಾನ್ಮಾರಿನ ಬಾಗೋ ನಗರದ ವರ್ಣನೆಯಲ್ಲಿ ಈ ಪದ ಬರುತ್ತದೆ. ಅಲ್ಲಿನ ಮನೆಗಳು ಬಿದಿರು, ಹುಲ್ಲಿನವು. ಬೆಂಕಿ ಬಿದ್ದರೆ ಏನೂ ಉಳಿಯುವುದಿಲ್ಲ. ಹಾಗಾಗಿ ವರ್ತಕರು ಬೆಲೆಬಾಳುವ ಸರಕನ್ನು ಇಟ್ಟಿಗೆಯ ಕಟ್ಟಡದಲ್ಲಿ ಇಡುತ್ತಾರೆ, ಅದಕ್ಕೆ ‘ಗೊಡೊನ್’ ಎನ್ನುತ್ತಾರೆ ಎಂದು ಬರೆದಿದ್ದಾನೆ. ಗಮನಿಸಿ, ಗೊಡೊನ್. ‘ಡೌನ್’ ಇನ್ನೂ ಹುಟ್ಟಿಲ್ಲ.

ಅಲ್ಲಿಂದ ಜಪಾನಿಗೆ ಬನ್ನಿ. ಹಿರಾಡೊ ದ್ವೀಪದಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಗೆ 1613ರಿಂದ 1623ರವರೆಗೆ ಒಂದು ಕೋಠಿ, ಅಂದರೆ ವ್ಯಾಪಾರದ ಠಾಣ್ಯ ಇತ್ತು. ಅದರ ಮುಖ್ಯಸ್ಥ ರಿಚರ್ಡ್ ಕಾಕ್ಸ್ 1615ರ ದಿನಚರಿಯಲ್ಲಿ ಎದುರುಗಡೆಯ ಉಗ್ರಾಣವೊಂದನ್ನು ಕೊಂಡ ಲೆಕ್ಕ ಬರೆಯುತ್ತಾನೆ. ಅವನ ಕಾಗುಣಿತ ‘ಗಡೊಂಗ್’. ಅಪ್ಪಟ ಇಂಗ್ಲಿಷಿನವನು, ದಿನವೂ ಆ ಪದ ಬಳಸುವವನು, ಅದರಲ್ಲಿ ‘ಗೋ’ವನ್ನೂ ಕೇಳಲಿಲ್ಲ, ‘ಡೌನ್’ ಅನ್ನೂ ಕೇಳಲಿಲ್ಲ.

‘ಗೋ’ ಮತ್ತು ‘ಡೌನ್’ ಸೇರಿ ಆದ ಪದವಾಗಿದ್ದರೆ ಹಿಂದೆ ಹಿಂದೆ ಹೋದಂತೆ ಆ ಎರಡು ಪದಗಳು ಸ್ಪಷ್ಟವಾಗಬೇಕಿತ್ತು. ಇಲ್ಲಿ ಆಗಿರುವುದು ತದ್ವಿರುದ್ಧ. ಅರ್ಥವಾಗದ ಪರಕೀಯ ಪದವೊಂದನ್ನು ಇಂಗ್ಲಿಷರು ನಿಧಾನವಾಗಿ ತಮ್ಮ ಪರಿಚಿತ ಪದಗಳ ಅಚ್ಚಿಗೆ ಹಾಕಿದ್ದಾರೆ. ಕಚೇರಿಯ ಹಿರಿಯರು ಹೇಳಿದ ದೊರೆ ಮತ್ತು ಹಮಾಲರ ದೃಶ್ಯ ಆ ಅಚ್ಚು ಸಿದ್ಧವಾದ ಮೇಲೆ ಕಟ್ಟಿದ್ದು.

ಸರಕುಪಟ್ಟಿ

ಧನ್ಯವಾದಗಳು ಸರ್. ಹಾಗಾದರೆ ಕಾಕ್ಸ್ ಆ ‘ಗಡೊಂಗ್’ ಅನ್ನು ಜಪಾನಿಯರಿಂದ ಕಲಿತನೇ?

ಸಿಂಗಪುರ ಕನ್ನಡತಿ

ಜಪಾನಿಯರಿಂದಲ್ಲ, ಮಲಯ ಭಾಷೆಯಿಂದ. ಆಗಿನ ಪೂರ್ವ ಸಮುದ್ರದ ವ್ಯಾಪಾರಕ್ಕೆಲ್ಲ ಮಲಯವೇ ಸಂಪರ್ಕ ಭಾಷೆ. ಇಂದಿಗೂ ಇಲ್ಲಿ, ಪಕ್ಕದ ಮಲೇಷ್ಯಾದಲ್ಲಿ, ಇಂಡೋನೇಷ್ಯಾದಲ್ಲಿ ಉಗ್ರಾಣಕ್ಕೆ ‘ಗುಡಾಂಗ್’ ಎನ್ನುತ್ತಾರೆ. ಇಂಡೋನೇಷ್ಯಾದ ಪ್ರಸಿದ್ಧ ಲವಂಗದ ಸಿಗರೇಟು ‘ಗುಡಾಂಗ್ ಗರಾಮ್’ ಕೇಳಿದ್ದೀರಾ? ‘ಗರಾಮ್’ ಎಂದರೆ ಉಪ್ಪು. ಉಪ್ಪಿನ ಉಗ್ರಾಣ ಎಂಬುದೇ ಆ ಕಂಪನಿಯ ಹೆಸರು. ಅದೇ ಭಾಷೆಯಲ್ಲಿ ‘ಗೆಡುಂಗ್’ ಎಂಬ ಜೋಡಿ ಪದವೂ ಇದೆ, ಅದಕ್ಕೆ ದೊಡ್ಡ ಕಟ್ಟಡ ಎಂದರ್ಥ. ಬಾಂಡುಂಗ್ ನಗರದ ಹಳೆಯ ಸರಕಾರಿ ಕಟ್ಟಡ ‘ಗೆಡುಂಗ್ ಸಾತೆ’ ಪ್ರವಾಸಿಗಳಿಗೆಲ್ಲ ಗೊತ್ತು. ಥಾಯ್ ಭಾಷೆಯಲ್ಲಿ ‘ಕೋಡಂಗ್’.

ಸರಕುಪಟ್ಟಿಯವರೇ, ನಿಮ್ಮ ಖರೀದಿದಾರರು ಸಿಂಗಪುರದವರಾಗಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ. ಇಲ್ಲಿನ ನದಿದಡದ ಕ್ಲಾರ್ಕ್ ಕೀಯ ಹಳೆಯ ಗೋಡೌನ್‌ಗಳೆಲ್ಲ ಈಗ ಊಟದ ಹೋಟೆಲುಗಳಾಗಿವೆ, ಆದರೂ ಜನ ಅವುಗಳನ್ನು ಗೋಡೌನ್ ಎಂದೇ ಗುರುತಿಸುತ್ತಾರೆ. ಹಾಂಗ್‌ಕಾಂಗ್‌ನಲ್ಲಿ 1886ರಲ್ಲಿ ಶುರುವಾದ ದೊಡ್ಡ ಬಂದರು ಕಂಪನಿಯ ಹೆಸರಿನಲ್ಲೇ ‘ವಾರ್ಫ್ ಮತ್ತು ಗೋಡೌನ್’ ಎಂದಿತ್ತು. ಏಷ್ಯಾದ ಬಂದರುಗಳ ಇಂಗ್ಲಿಷಿಗೆ ಇದು ಸಲೀಸಾದ ಪದ. ಲಂಡನ್ನಿನ ಬೀದಿಯಲ್ಲಿ ಮಾತ್ರ ಯಾರಿಗೂ ತಿಳಿಯುವುದಿಲ್ಲ.

ಬಂದರಿನವನು

ಅಂದರೆ ಮಲಯದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ನಮಗೆ. ಮುಗಿಯಿತಲ್ಲ?

ನಿಘಂಟುಪ್ರಿಯ

ಅರ್ಧ ದಾರಿ ಮುಗಿಯಿತು. ಮಲಯಕ್ಕೆ ಎಲ್ಲಿಂದ ಬಂತು ಎಂಬುದು ಉಳಿದ ಅರ್ಧ, ನಮಗೆ ಸ್ವಾರಸ್ಯ ಇರುವುದೂ ಅಲ್ಲಿಯೇ.

‘ಹಾಬ್ಸನ್-ಜಾಬ್ಸನ್’ ಎಂಬ ವಿಚಿತ್ರ ಹೆಸರಿನ ಕೋಶವೊಂದಿದೆ. ಭಾರತದ ಇಂಗ್ಲಿಷರು ಬಳಸುತ್ತಿದ್ದ ದೇಶೀ ಪದಗಳ ಕೋಶ, ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ಸೇರಿ ಮಾಡಿದ್ದು. 1886ರಲ್ಲಿ ಅಚ್ಚಾಯಿತು, ಅಷ್ಟರೊಳಗೆ ಬರ್ನೆಲ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಬರ್ನೆಲ್ ನಮಗೆ ಅಪರಿಚಿತನೇನಲ್ಲ: ಮದ್ರಾಸ್ ಸಿವಿಲ್ ಸರ್ವಿಸಿನ ನ್ಯಾಯಾಧೀಶನಾಗಿ ಮಂಗಳೂರಿನಲ್ಲೂ ಇದ್ದವನು, ತುಳುನಾಡಿನ ಭೂತಾರಾಧನೆಯ ಪಾಡ್ದನಗಳನ್ನು ಸಂಗ್ರಹಿಸಿದವನು.

ಆ ಕೋಶದ ಪ್ರಕಾರ ಗೋಡೌನ್ ಭಾರತಕ್ಕೆ ಬಂದದ್ದು ಪೂರ್ವದ ವಸಾಹತುಗಳಿಂದ, ಮಲಯದ ‘ಗಡೊಂಗ್’ ರೂಪದಿಂದ. ಆದರೆ ಆ ಮಲಯ ಪದವೇ ಮೂಲತಃ ದಕ್ಷಿಣ ಭಾರತದ್ದಾಗಿರಬೇಕು ಎಂದು ಕೋಶ ಮುಂದುವರಿಯುತ್ತದೆ. ತೆಲುಗಿನಲ್ಲಿ ಗಿಡ್ಡಂಗಿ, ತಮಿಳಿನಲ್ಲಿ ಕಿಡಂಗು. ಸರಕು ಬಿದ್ದಿರುವ, ಅಂದರೆ ಒರಗಿರುವ ಜಾಗ ಎಂದು ಅರ್ಥ. ‘ಕಿಡ’ ಎಂದರೆ ಮಲಗು, ಬಿದ್ದಿರು. ಹಳಗನ್ನಡದ ‘ಕೆಡೆ’ ಇದರ ಒಡಹುಟ್ಟು. ಯುದ್ಧವರ್ಣನೆಯಲ್ಲಿ ವೀರರು ಕೆಡೆಯುವುದನ್ನು ಓದಿದ್ದೀರಿ. ಇಂದಿನ ಮಾತಿನಲ್ಲಿ ಅದು ‘ಗೋಡೆ ಕೆಡವಿದರು’ ಎಂಬಲ್ಲಿ ಉಳಿದಿದೆ. ಹಾಳಾಗು ಎಂಬ ಅರ್ಥದ ‘ಕೆಡು’ ಬೇರೆ, ಗೊಂದಲ ಮಾಡಿಕೊಳ್ಳಬೇಡಿ.

ಕನ್ನಡವೇ ಮೊದಲು

ಸರಿಯಾಗಿ ಹೇಳಿದಿರಿ. ಹಳಗನ್ನಡದ ‘ಕೆಡೆ’ಯಿಂದಲೇ ಬಂದಿದೆ ಎಂದಾಯಿತು. ಆದರೆ ಎಲ್ಲ ಕೋಶಗಳಲ್ಲೂ ತಮಿಳು, ತೆಲುಗು ಎಂದೇ ಬರೆಯುತ್ತಾರೆ. ಮಲಯ ಸೀಮೆಯ ಮಲಕ್ಕಾಕ್ಕೆ ಹಡಗು ಹೊರಡುತ್ತಿದ್ದ, ಈಗಿನ ಚೆನ್ನೈ ಬಳಿಯ ಪುಲಿಕಾಟ್ ಬಂದರು ಆಗ ಯಾರ ಕೈಯಲ್ಲಿತ್ತು? ವಿಜಯನಗರದ ಕೈಯಲ್ಲಿ. ನಮ್ಮ ಅರಸರ ಬಂದರು, ನಮ್ಮ ಪದ. ಇದನ್ನು ಗಟ್ಟಿಯಾಗಿ ಹೇಳುವವರು ಬೇಕು.

ನಿಘಂಟುಪ್ರಿಯ

ಪುಲಿಕಾಟ್ ವಿಜಯನಗರದ ಅಧೀನದಲ್ಲಿತ್ತು, ಕೋರಮಂಡಲದ ಬಟ್ಟೆ ಮಲಕ್ಕಾಕ್ಕೆ ಹೋಗುತ್ತಿದ್ದ ಮುಖ್ಯ ಬಂದರು ಅದಾಗಿತ್ತು. ಎರಡೂ ಸರಿ. ಆದರೆ ಸುಂಕ ಹಂಪಿಗೆ ಹೋಯಿತೆಂದು ಪದವೂ ಹಂಪಿಯಿಂದ ಬಂತು ಎನ್ನಲಾಗದು. ಆ ಬಂದರಿನ ಬೀದಿಯಲ್ಲಿ ನಡೆಯುತ್ತಿದ್ದ ಮಾತು ತಮಿಳು, ತೆಲುಗು. ಕಟ್ಟಡವನ್ನು ಸೂಚಿಸುವ, ‘ಅಂಗು’ ಎಂದು ಮುಗಿಯುವ ರೂಪ ಇರುವುದು ಅವರಲ್ಲಿ. ನಮ್ಮಲ್ಲಿ ಬೇರು ಇದೆ, ಆ ಕೊಂಬೆ ಇಲ್ಲ. ಬೇರು ಯಾವ ಒಂದು ದ್ರಾವಿಡ ಭಾಷೆಯ ಸ್ವತ್ತೂ ಅಲ್ಲ.

ಕನ್ನಡ ನಾಡಿನ ನಂಟು ಬೇಕೇ ಬೇಕೆಂದರೆ ಇನ್ನೊಂದಿದೆ, ನಿಜವಾದದ್ದು. ಇಂಗ್ಲಿಷ್ ಓದುಗರಿಗೆ ‘ಗೊಡೊನ್’ ಪರಿಚಯಿಸಿದ ಅದೇ ಫೆದೆರಿಚಿ 1567ರಲ್ಲಿ, ತಾಳಿಕೋಟೆಯ ಕಾಳಗವಾಗಿ ಎರಡೇ ವರ್ಷಕ್ಕೆ, ವಿಜಯನಗರಕ್ಕೆ ಬಂದು ಏಳು ತಿಂಗಳು ಇದ್ದ. ಮನೆಗಳು ನಿಂತೇ ಇವೆ, ಒಳಗೆ ಹುಲಿ ಮೊದಲಾದ ಕಾಡುಮೃಗಗಳಿವೆಯೆಂದು ಹೇಳುತ್ತಾರೆ ಎಂಬ ಅವನ ಮಾತನ್ನು ಹಂಪಿಯ ಬಗ್ಗೆ ಬರೆಯುವವರೆಲ್ಲ ಉದ್ಧರಿಸುತ್ತಾರೆ. ಆ ಮಾತೂ ಈ ಪದವೂ ಒಂದೇ ಪುಸ್ತಕದಲ್ಲಿವೆ. ಪೆಗುವಿಗೆ ಹೋದದ್ದು ಆಮೇಲೆ.

ಬಳ್ಳಾರಿ ಗಡಿಯವ

ಗಿಡ್ಡಂಗಿ ಕೋಶದೊಳಗಿನ ಸತ್ತ ಪದವಲ್ಲ ಎಂದು ಸೇರಿಸುತ್ತೇನೆ. ತೆಲುಗು ಪತ್ರಿಕೆಗಳಲ್ಲಿ ಇಂದಿಗೂ ಧಾನ್ಯದ ಗೋದಾಮಿಗೆ ಗಿಡ್ಡಂಗಿ ಎಂದೇ ಬರೆಯುತ್ತಾರೆ. ನಮ್ಮ ಕಡೆ ಆಂಧ್ರದಿಂದ ಬರುವ ಲಾರಿ ಚಾಲಕರ ಬಾಯಲ್ಲೂ ಕೇಳಿದ್ದೇನೆ. ಮಲಯ ಪದದ ಮೊದಲ ಅಕ್ಷರ ‘ಗ’. ತಮಿಳಿನದು ‘ಕ’. ಹಾಗಿರುವಾಗ ತೆಲುಗಿನ ಹಕ್ಕು ಹೆಚ್ಚು ಬಲವಾದುದಲ್ಲವೇ? ಮಲಯರು ದಕ್ಷಿಣ ಭಾರತದವರನ್ನೆಲ್ಲ ‘ಕೆಲಿಂಗ್’ ಎನ್ನುತ್ತಿದ್ದರು, ಅದು ಕಳಿಂಗದಿಂದ ಬಂದ ಹೆಸರು. ಕಳಿಂಗ ತೆಲುಗು ಸೀಮೆಯ ಬದಿಗೆ.

ನಿಘಂಟುಪ್ರಿಯ

‘ಗ’ ಅಕ್ಷರದ ವಾದ ಒಳ್ಳೆಯದು, ನಿರ್ಣಾಯಕವಲ್ಲ. ತಮಿಳಿನ ಕಪ್ಪಲ್‌ನಿಂದ ಮಲಯದ ‘ಕಪಾಲ್’, ಅಂದರೆ ಹಡಗು, ಕಡೈಯಿಂದ ‘ಕೆಡೈ’, ಅಂದರೆ ಅಂಗಡಿ, ಪೆಟ್ಟಿಯಿಂದ ‘ಪೆತಿ’, ಮುದಲ್‌ನಿಂದ ‘ಮೊಡಾಲ್’, ವ್ಯಾಪಾರದ ಬಂಡವಾಳ. ಮಲಯದ ವ್ಯಾಪಾರಿ ಪದಗಳಲ್ಲಿ ತಮಿಳಿನ ಪಾಲು ಇಷ್ಟು ದೊಡ್ಡದಿರುವಾಗ ತಮಿಳನ್ನು ಬದಿಗೆ ಸರಿಸಲಾಗದು. ಕೊತ್ತಂಬರಿಗೆ ಮಲಯದಲ್ಲಿ ‘ಕೆತುಂಬಾರ್’ ಎನ್ನುತ್ತಾರೆ, ಕೇಳಿದರೆ ಅದು ನಮ್ಮ ಅಡುಗೆಮನೆಯಿಂದಲೇ ಹೋದಂತಿದೆ. ‘ಕೆಲಿಂಗ್’ ಹೆಸರು ಹುಟ್ಟಿದ್ದು ಕಳಿಂಗದಿಂದಾದರೂ ಹದಿನಾರನೆಯ ಶತಮಾನದ ಹೊತ್ತಿಗೆ ಅದರೊಳಗೆ ತಮಿಳರೂ ತೆಲುಗರೂ ಇದ್ದರು. ಎರಡೂ ಭಾಷೆಯವರು ಒಂದೇ ಹಡಗಿನಲ್ಲಿ ಹೋಗಿ ಒಂದೇ ಬೀದಿಯಲ್ಲಿ ಬಿಡಾರ ಹೂಡಿದಾಗ, ಪದವನ್ನು ಇಬ್ಬರಲ್ಲಿ ಯಾರು ಮೊದಲು ಮಲಯದವನ ಕಿವಿಗೆ ಹಾಕಿದರು ಎಂದು ಜಗಳವಾಡುವುದು ನನಗೆ ವ್ಯರ್ಥವೆನಿಸುತ್ತದೆ.

ಸಿಂಗಪುರ ಕನ್ನಡತಿ

ತಮಿಳಿನ ಕಡೆಗೆ ಒಂದು ಸಾಕ್ಷಿ ನಮ್ಮ ಊರಿನದು. ಲೇವಾದೇವಿ ಮಾಡುತ್ತಿದ್ದ ಚೆಟ್ಟಿಯಾರರು ಇಲ್ಲಿನ ಮಾರ್ಕೆಟ್ ಸ್ಟ್ರೀಟಿನಲ್ಲಿ ಉದ್ದನೆಯ ಕಟ್ಟಡಗಳಲ್ಲಿ ವ್ಯವಹಾರ ನಡೆಸುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಚಿಕ್ಕ ಮೇಜು, ಒಂದು ಪೆಟ್ಟಿಗೆ. ಹಗಲು ಅಲ್ಲೇ ಲೆಕ್ಕ, ರಾತ್ರಿ ಅಲ್ಲೇ ನಿದ್ದೆ. ಆ ಕಟ್ಟಡಗಳಿಗೆ ‘ಕಿಟ್ಟಂಗಿ’ ಎಂದೇ ಹೆಸರು. ಒಂದೇ ಊರಿನಲ್ಲಿ ನದಿಯ ದಡದಲ್ಲಿ ಇಂಗ್ಲಿಷರ ಗೋಡೌನ್, ಮಲಯರ ಬಾಯಲ್ಲಿ ಗುಡಾಂಗ್, ಮಾರ್ಕೆಟ್ ಸ್ಟ್ರೀಟಿನಲ್ಲಿ ಕಿಟ್ಟಂಗಿ. ಮೂವರಿಗೂ ತಮ್ಮದು ಪ್ರತ್ಯೇಕ ಪದ.

ಹಗೇವು

ಧಾರವಾಡ ಕಡೆಯವನು, ಹೆಸರು ನೋಡಿದರೇ ತಿಳಿಯುತ್ತದೆ. ಎಲ್ಲವನ್ನೂ ಓದಿದೆ. ‘ಕೆಳಗೆ ಹೋಗು’ ಎಂಬುದನ್ನು ಇಷ್ಟು ಸುಲಭವಾಗಿ ಬಿಟ್ಟುಬಿಡಬೇಕೇ ಎಂಬುದು ನನ್ನ ಪ್ರಶ್ನೆ. ನಮ್ಮಲ್ಲಿ ಜೋಳ ಇಡುತ್ತಿದ್ದದ್ದು ನೆಲದೊಳಗಿನ ಗುಂಡಿಯಲ್ಲಿ, ಅದಕ್ಕೇ ಹಗೇವು ಎನ್ನುವುದು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಒಳಗೆ ಸುತ್ತ ಹುಲ್ಲು ಹೊದಿಸಿ ಕಾಳು ತುಂಬಿ ಮೇಲೆ ಮಣ್ಣು ಮುಚ್ಚುವುದು. ತೆಗೆಯುವಾಗ ಬಾಯಿ ತೆರೆದ ಕೂಡಲೇ ಯಾರೂ ಇಳಿಯಬಾರದು; ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾಯಬೇಕು. ಅವಸರ ಮಾಡಿ ಇಳಿದು ಜೀವ ಕಳೆದುಕೊಂಡವರ ಸುದ್ದಿ ನಮ್ಮ ಸೀಮೆಯಲ್ಲಿ ಹಿರಿಯರಿಗೆಲ್ಲ ಗೊತ್ತು. ನೆಲದಡಿಯ ಸಂಗ್ರಹ ದಕ್ಷಿಣ ಭಾರತದಲ್ಲಿ ಹೀಗೆ ಇದ್ದೇ ಇತ್ತು. ಕಿಡಂಗು ಕೂಡ ಅಂಥ ಗುಂಡಿಯೇ ಆಗಿದ್ದರೆ?

ನಿಘಂಟುಪ್ರಿಯ

ಈ ಚರ್ಚೆಯಲ್ಲಿ ಬಂದ ಅತ್ಯುತ್ತಮ ಪ್ರಶ್ನೆ ಇದು. ನಾನೇ ಮೊದಲು ಎತ್ತಬೇಕಿತ್ತು ಎನಿಸುವಷ್ಟು.

ತಮಿಳಿನ ಕಿಡಂಗಿಗೆ ಉಗ್ರಾಣ ಎಂಬುದೊಂದೇ ಅರ್ಥವಲ್ಲ. ಹೊಂಡ, ಅಗಳು, ಕೋಟೆಯ ಕಂದಕ ಎಂಬ ಅರ್ಥಗಳೂ ಇವೆ. ಮಲಯಾಳದ ‘ಕಿಡಙ್ಙ್’ ಇಂದಿಗೂ ಕಂದಕವೇ. ಕಾಡಂಚಿನಲ್ಲಿ ಆನೆ ಬಾರದಂತೆ ತೋಡುವ ಕಂದಕಕ್ಕೆ ಆ ಪದ ಬಳಸುತ್ತಾರೆ. ಇನ್ನು ಪೋರ್ಚುಗೀಸರ ಬರಹಗಳನ್ನು ನೋಡಿ. ಅವರು ಇದನ್ನು ‘ಗುದಾಂವ್’ ಎಂದರು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬ್ಲುತೋ ಎಂಬ ಪಾದ್ರಿ ರಚಿಸಿದ ದೊಡ್ಡ ಪೋರ್ಚುಗೀಸ್ ಕೋಶದಲ್ಲಿ ಇದು ‘ಭಾರತದ ಪದ’ ಎಂದಿದೆ, ಅರ್ಥ ‘ಹೆಚ್ಚುಕಡಿಮೆ ನೆಲದಡಿಯ ಮಳಿಗೆ’. ಹಾಬ್ಸನ್-ಜಾಬ್ಸನ್ ಇದನ್ನು ಒಪ್ಪುವುದಿಲ್ಲ, ಹಾಗಿರುವುದು ಅಪರೂಪ ಎಂದು ಪಕ್ಕಕ್ಕೆ ತಳ್ಳುತ್ತದೆ. ಆದರೆ ಅದೇ ಕೋಶ ಅದರ ಕೆಳಗೇ ಉದ್ಧರಿಸುವ ಇನ್ನೊಂದು ಸಾಕ್ಷಿ ಬ್ಲುತೋನ ಪಕ್ಷ ವಹಿಸುತ್ತದೆ.

ಆ ಸಾಕ್ಷಿ ಮಾನುವೆಲ್ ಗೊದಿನ್ಯೊ ದಿ ಎರೇದಿಯಾ. ಮಲಕ್ಕಾದಲ್ಲೇ ಹುಟ್ಟಿದವನು, ತಂದೆ ಪೋರ್ಚುಗೀಸ್, ತಾಯಿ ಸುಲಾವೆಸಿ ದ್ವೀಪದ ರಾಜಮನೆತನದವಳು. 1613ರಲ್ಲಿ ತನ್ನೂರಿನ ವರ್ಣನೆ ಬರೆದ. ಅಲ್ಲಿನ ‘ಗೊದೊಯೆನ್’ಗಳು ನೆಲದಡಿಯ ಕಟ್ಟಡಗಳು, ಬೆಂಕಿಯ ಭಯದಿಂದ ವರ್ತಕರು ಕೋರಮಂಡಲದ ಬಟ್ಟೆಗಳನ್ನು ಅವುಗಳಲ್ಲಿ ಇಡುತ್ತಾರೆ ಎನ್ನುತ್ತಾನೆ. ಕೋರಮಂಡಲದ ಬಟ್ಟೆ! ಯಾವ ತೀರದ ಸರಕೋ ಅದೇ ತೀರದ ಪದ. ಪುಲಿಕಾಟ್, ನಾಗಪಟ್ಟಣಗಳಿಂದ ಬಟ್ಟೆಯ ಗಂಟು ಹೊತ್ತ ಹಡಗಿನಲ್ಲೇ, ಗಂಟನ್ನು ಎಲ್ಲಿ ಇಡಬೇಕು ಎಂಬುದರ ಹೆಸರೂ ಹೋಗಿದೆ. ಗೋಡೌನ್‌ನ ಇಡೀ ಚರಿತ್ರೆಯಲ್ಲಿ ನನಗೆ ಇದಕ್ಕಿಂತ ಮನವರಿಕೆಯಾಗುವ ಸಾಲು ಇನ್ನೊಂದಿಲ್ಲ.

ಬೆಂಕಿಯ ಮಾತು ಪೆಗುವಿನಲ್ಲೂ ಬಂತು, ಮಲಕ್ಕಾದಲ್ಲೂ ಬಂತು. ಪೋರ್ಚುಗೀಸರು ಮಲಕ್ಕಾ ಗೆದ್ದದ್ದು 1511ರಲ್ಲಿ. 1513ರಲ್ಲಿ ಪೋರ್ಚುಗೀಸ್ ಗವರ್ನರ್ ಆಲ್ಬುಕರ್ಕ್‌ಗೆ ಹೋದ ಪತ್ರವೊಂದರಲ್ಲಿ ಈ ಪದ ಕಾಣಿಸಿಕೊಳ್ಳುತ್ತದೆ, ಅಲ್ಲೂ ಸುದ್ದಿ ಅಕ್ಕಿ ಮತ್ತು ಜಾಪತ್ರೆ ತುಂಬಿದ ಗೋದಾಮು ಸುಟ್ಟುಹೋದದ್ದು. ಹುಲ್ಲುಮನೆಗಳ ಪೇಟೆಯಲ್ಲಿ ಸರಕನ್ನು ಕಾಯಲು ಎರಡೇ ದಾರಿ: ನೆಲದೊಳಗೆ ಇಳಿಸುವುದು ಅಥವಾ ಇಟ್ಟಿಗೆ ಗೋಡೆ ಕಟ್ಟುವುದು. ಹೊಂಡ ಎಂಬ ಅರ್ಥದ ಪದ ಇಟ್ಟಿಗೆಯ ಭದ್ರ ಕಟ್ಟಡಕ್ಕೆ, ಅಲ್ಲಿಂದ ಸಿಂಗಪುರದ ಮೇಡಂ ಹೇಳಿದ ‘ಗೆಡುಂಗ್’ನ ದೊಡ್ಡ ಕಟ್ಟಡಕ್ಕೆ ಏರಿದ ಮೆಟ್ಟಿಲುಗಳು ಹೀಗಿರಬೇಕು ಎಂದು ನನ್ನ ಅಂದಾಜು.

ಆದ್ದರಿಂದ, ಇಂಗ್ಲಿಷಿನ ‘ಗೋ ಡೌನ್’ಗೂ ಈ ಪದದ ಹುಟ್ಟಿಗೂ ಸಂಬಂಧವಿಲ್ಲ. ಆದರೆ ನೆಲದಡಿಗೂ ಈ ಪದಕ್ಕೂ ಸಂಬಂಧ ಇರಲು ಸಾಧ್ಯ.

ಕೊಡಗಿನ ಕಾಫಿ

ಕಂದಕ ಎಂದ ಕೂಡಲೇ ಬಂದೆ. ಕೊಡಗಿನಲ್ಲಿ ‘ಕಡಂಗ’ಗಳಿವೆ. ಬೆಟ್ಟ, ಕಾಡು, ಗದ್ದೆಯ ಅಂಚು ಏನನ್ನೂ ಲೆಕ್ಕಿಸದೆ ಮೈಲಿಗಟ್ಟಲೆ ಸಾಗುವ ಹಳೆಯ ಕಾಲದ ರಕ್ಷಣಾ ಕಂದಕಗಳು, ತೋಡಿದ ಮಣ್ಣನ್ನು ಒಂದು ಬದಿಗೆ ಏರಿಯಾಗಿ ಹಾಕಿರುತ್ತಾರೆ. ಎಷ್ಟೋ ತೋಟಗಳ ಗಡಿ ಇವತ್ತಿಗೂ ಅವೇ. ಕಡಂಗ ಎಂಬ ಊರೇ ಇದೆ. ಕಿಡಂಗು, ಕಡಂಗ, ಅರ್ಥವೂ ಒಂದೇ. ಇದನ್ನು ಹೇಗೆ ಬಿಟ್ಟಿರಿ?

ನಿಘಂಟುಪ್ರಿಯ

ಬಿಡಬಾರದಿತ್ತು. ಧ್ವನಿಯೂ ಅರ್ಥವೂ ಇಷ್ಟು ಹತ್ತಿರವಿದ್ದು, ಪಕ್ಕದಲ್ಲೇ ಮಲಯಾಳದ ಕಂದಕ ಇರುವಾಗ, ಕೊಡವರ ಕಡಂಗ ಅದೇ ಕುಟುಂಬದ್ದು ಎಂದು ವಾದಿಸುವವರ ಕೈಯಲ್ಲಿ ಬಲವಿದೆ.

ಬಂದರಿನವನು

ಮುಗಿಯಿತಲ್ಲ ಎಂದು ಕೇಳಿ ಸುಮ್ಮನಾಗಿದ್ದೆ, ಈಗ ಸುಮ್ಮನಿರಲಾಗುತ್ತಿಲ್ಲ. ನಮ್ಮ ಜಿಲ್ಲೆಯಲ್ಲಿ ‘ಗಡಂಗು’ ಎಂಬ ಪದ ಮಕ್ಕಳಿಗೂ ಗೊತ್ತು. ಕಳ್ಳಿನ ಗಡಂಗು, ಸಾರಾಯಿ ಗಡಂಗು. ತುಳುವಿನಲ್ಲಿ ‘ಗಡಂಗ್’. ಮರ್ಯಾದಸ್ಥರು ಹೆಸರೆತ್ತದ ಜಾಗ. ಕಾಕ್ಸ್‌ನ ‘ಗಡೊಂಗ್’ ಓದಿದಾಗ ನಗು ತಡೆಯಲಾಗಲಿಲ್ಲ. ನಿಘಂಟುಪ್ರಿಯರು ಕನ್ನಡದಲ್ಲಿ ಆ ಕೊಂಬೆ ಇಲ್ಲ ಎಂದರಲ್ಲ, ಇದೇನು ಮತ್ತೆ?

ಕನ್ನಡವೇ ಮೊದಲು

ನಾನು ಹೇಳಿದ್ದು ಇದನ್ನೇ! ಕೊಂಬೆ ನಮ್ಮಲ್ಲೇ ಇದೆ, ಅದರಲ್ಲಿ ಕಳ್ಳಿನ ಮಡಕೆಯೂ ತೂಗುತ್ತಿದೆ.

ನಿಘಂಟುಪ್ರಿಯ

ಮಡಕೆ ತೂಗಲಿ, ಆದರೆ ಪ್ರಶ್ನೆ ಬೇರೆ. ಗಡಂಗು ಕನ್ನಡದಲ್ಲೂ ತುಳುವಿನಲ್ಲೂ ಇದೆ, ಪತ್ರಿಕೆಗಳಲ್ಲೂ ‘ಸಾರಾಯಿ ಗಡಂಗು’ ಎಂದು ಧಾರಾಳವಾಗಿ ಬರುತ್ತಿತ್ತು. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾದ ಮೇಲೆ ಕಡಿಮೆಯಾಯಿತು. ಇದು ಬೇರಿನಿಂದ ನೇರವಾಗಿ ಚಿಗುರಿದ್ದೋ, ಅಥವಾ ಬಂದರುಗಳ ಮೂಲಕ ಮರಳಿ ಬಂದದ್ದೋ ಎಂಬುದು ನೋಡಬೇಕಾದ್ದು. ಅರ್ಥ ನೋಡಿದರೆ ನನ್ನ ಒಲವು ಎರಡನೆಯದರ ಕಡೆಗೆ. ನಮ್ಮಲ್ಲಿ ಗಡಂಗು ಕಣಜಕ್ಕೆ ಹೇಳುವ ಮಾತಲ್ಲ, ಅಡಕೆಯ ದಾಸ್ತಾನಿಗೂ ಅಲ್ಲ, ಬರೀ ಹೆಂಡ, ಸಾರಾಯಿಗೆ. ಗುತ್ತಿಗೆದಾರನು ಪೀಪಾಯಿಗಳನ್ನು ಇಡುವ ಕೋಣೆಯ ಹೆಸರು, ಅದರ ಮುಂಬಾಗಿಲಿನಲ್ಲಿ ಲೋಟಕ್ಕೆ ಸುರಿದು ಮಾರುವ ಅಂಗಡಿಗೆ ಅಂಟಿಕೊಂಡಿರಬಹುದು. ಇಷ್ಟು ಸೀಮಿತ ಅರ್ಥ ಸಾಮಾನ್ಯವಾಗಿ ಹೊರಗಿನಿಂದ ಬಂದ ಪದದ ಲಕ್ಷಣ.

ಬಂದರಿನವನು

ಇನ್ನೊಂದು. ತುಳುವಿನಲ್ಲಿ ದನದ ಕೊಟ್ಟಿಗೆಗೆ ‘ಕಿದೆ’. ದನ ಮಲಗುವ ಜಾಗ. ‘ಕಿಡ’ ಎಂದರೆ ಮಲಗು ಎಂದಿರಲ್ಲ? ಹಾಗಾದರೆ ಸಂಸ್ಕೃತಾಭಿಮಾನಿಯವರ ಗೋಧಾಮ ಹಿಂಬಾಗಿಲಿನಿಂದ ಒಳಗೆ ಬಂದಂತಾಗಲಿಲ್ಲವೇ?

ಸಂಸ್ಕೃತಾಭಿಮಾನಿ

ನಾನು ಆಗಲೇ ಹೇಳಿರಲಿಲ್ಲವೇ? ಗೋವು ಇದ್ದೇ ಇದೆ.

ನಿಘಂಟುಪ್ರಿಯ

ತಮಿಳಿನ ‘ಕಿಡೈ’, ಕುರಿದನಗಳನ್ನು ಹೊಲದಲ್ಲಿ ರಾತ್ರಿ ತರುಬುವ ಜಾಗ, ಅದಂತೂ ‘ಕಿಡ’ದ ಮಗುವೇ. ತುಳುವಿನ ‘ಕಿದೆ’ಯಲ್ಲಿ ‘ಡ’ ಇಲ್ಲ, ‘ದ’ ಇದೆ. ಅರ್ಥ ಹೊಂದಿತು ಎಂದ ಮಾತ್ರಕ್ಕೆ ಅಕ್ಷರವನ್ನು ಮನಬಂದಂತೆ ಬದಲಿಸಬಾರದು. ತುಳುವಿನ ಬೇರೆ ಪದಗಳಲ್ಲೂ ಇದೇ ಬದಲಾವಣೆ ಕ್ರಮವಾಗಿ ಕಂಡರೆ ಮಾತ್ರ ಒಪ್ಪಬಹುದು. ಅದನ್ನು ತುಳು ಬಲ್ಲವರು ಹೇಳಲಿ. ಆದರೆ ಮಲಗಿದ ದನಕ್ಕೂ ಸಂಸ್ಕೃತದ ‘ಗೋ’ಗೂ ಇಲ್ಲಿ ನಂಟಿಲ್ಲ ಸ್ವಾಮಿ, ಬಾಗಿಲು ಮುಂದಿನದಾದರೂ ಹಿಂದಿನದಾದರೂ.

ಸರಕುಪಟ್ಟಿ

ಒಂದು ಎಳೆ ಉಳಿದಿದೆ. ಪದದ ಕೊನೆಯಲ್ಲಿ ಮಲಯಕ್ಕೆ ‘ಅಂಗ್’, ಇಂಗ್ಲಿಷಿಗೆ ‘ಔನ್’. ನಮ್ಮ ಗೋದಾಮು, ಹಿಂದಿಯ ಗೋದಾಮ್, ಇವಕ್ಕೆ ‘ಮ’ ಎಲ್ಲಿಂದ?

ನಿಘಂಟುಪ್ರಿಯ

ಹಾಬ್ಸನ್-ಜಾಬ್ಸನ್ ಪ್ರಕಾರ ಹಿಂದಿ, ಬಂಗಾಳಿ ರೂಪಗಳು ಭಾರತೀಯ ಇಂಗ್ಲಿಷಿನಿಂದ ಹುಟ್ಟಿದವು. ಇಲ್ಲಿ ನಾನು ಆ ಕೋಶದ ಜೊತೆ ಹೋಗಲಾರೆ. ಇಂಗ್ಲಿಷಿನ ‘ಡೌನ್’ ನಮ್ಮ ಬಾಯಲ್ಲಿ ‘ದಾಮ್’ ಆಗಬೇಕಾದ ಕಾರಣವಿಲ್ಲ. ಅದಕ್ಕೆ ನಾವು ಗೋಡೌನ್ ಎಂದು ಸಲೀಸಾಗಿ ಹೇಳುತ್ತೇವಲ್ಲ.

ಪೋರ್ಚುಗೀಸ್ ‘ಗುದಾಂವ್’ ಅನ್ನು ಮೂಗಿನಿಂದ ಉಚ್ಚರಿಸಿ ನೋಡಿ. ಹರಾಜಿಗೆ ಪೋರ್ಚುಗೀಸಿನಲ್ಲಿ ‘ಲೈಲಾಂವ್’. ಅದು ಕನ್ನಡಕ್ಕೆ ಬಂದು ಲಿಲಾವು ಆಯಿತು, ಹಿಂದಿಗೆ ಹೋಗಿ ನೀಲಾಮ್ ಆಯಿತು, ತಮಿಳಿನಲ್ಲಿ ಏಲಂ ಆಯಿತು. ರೊಟ್ಟಿಗೆ ‘ಪಾಂವ್’, ಅದು ಪಾವ್‌ಭಾಜಿಯ ಪಾವ್. ಆ ಮೂಗಿನ ಕೊನೆ ನಮ್ಮ ನಾಡಿನಲ್ಲಿ ಒಮ್ಮೆ ‘ವ’ ಆಗುತ್ತದೆ, ಒಮ್ಮೆ ‘ಮ’ ಆಗುತ್ತದೆ. ಲೈಲಾಂವ್ ನೀಲಾಮ್ ಆದಂತೆ ಗುದಾಂವ್ ಗುದಾಮ್ ಆಗಿದೆ. ಮೇಲೆ ಹೇಳಿದ 1513ರ ಪತ್ರವನ್ನು ಹಾಬ್ಸನ್-ಜಾಬ್ಸನ್ ಉದ್ಧರಿಸುವಾಗ ಪದ ‘ಗುದಾಮ್’ ಎಂದೇ ಇದೆ. ಇಂಗ್ಲಿಷರ ಕಂಪನಿ ಸ್ಥಾಪನೆಯಾದದ್ದು 1600ರಲ್ಲಿ.

ಹೀಗೆ ಕನ್ನಡದಲ್ಲಿ ಒಂದೇ ಪದ ಎರಡು ಬಾಗಿಲುಗಳಿಂದ ಬಂದಿದೆ: ಪೋರ್ಚುಗೀಸರ ಬಾಗಿಲಿನಿಂದ ಗೋದಾಮು, ಇಂಗ್ಲಿಷರ ಬಾಗಿಲಿನಿಂದ ಗೋಡೌನ್. ಗಡಂಗನ್ನೂ ಸೇರಿಸಿದರೆ ಮೂರು. ಪೋರ್ಚುಗೀಸಿಗೂ ಏಷ್ಯಾದ ಭಾಷೆಗಳಿಗೂ ನಡುವೆ ಹೋಗಿಬಂದ ಪದಗಳ ಬಗ್ಗೆ ತಿಳಿಯಬೇಕೆನ್ನುವವರು ಗೋವೆಯ ಪಾದ್ರಿ ಸೆಬಾಸ್ಟಿಯಾವ್ ರೊದೊಲ್ಫೊ ದಲ್ಗಾದೊ ಅವರನ್ನು ಓದಬೇಕು. ಅವರ ಎರಡು ಸಂಪುಟಗಳ ಪದಕೋಶ 1919 ಮತ್ತು 1921ರಲ್ಲಿ ಬಂತು. ಕೊಂಕಣಿ ಮನೆಮಾತಿನ ಆ ವಿದ್ವಾಂಸರ ಹೆಸರು ನಮ್ಮ ಕರಾವಳಿಯಲ್ಲೇ ಹೆಚ್ಚು ಕೇಳುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ಬಳ್ಳಾರಿ ಗಡಿಯವ

ಹಾಗಾದರೆ ತಮಿಳರು ಇಂದು ‘ಕುಡೋನ್’ ಎನ್ನುವುದು ಇಂಗ್ಲಿಷ್ ಬಾಗಿಲಿನದು, ಕಿಡಂಗು, ಕಿಟ್ಟಂಗಿ ಮನೆಯೊಳಗಿನದು. ತೆಲುಗಿನಲ್ಲೂ ಗಿಡ್ಡಂಗಿಯ ಪಕ್ಕದಲ್ಲೇ ಗೋಡೌನ್ ನಡೆಯುತ್ತಿದೆ. ತಮ್ಮ ಪದವನ್ನೇ ಇಂಗ್ಲಿಷ್ ಎಂದುಕೊಂಡು ಬಳಸುತ್ತಿದ್ದಾರೆ, ಪಾಪ.

ಹಗೇವು

ನಮ್ಮ ಕಡೆ ಹತ್ತಿಗೆ, ತಂಬಾಕಿಗೆ ‘ವಖಾರಿ’ ಎನ್ನುತ್ತಾರೆ. ಅದೂ ಈ ಪೈಕಿಯದೇ?

ನಿಘಂಟುಪ್ರಿಯ

ಅಲ್ಲ. ಅದು ಮರಾಠಿಯ ‘ವಖಾರ್’, ಬೇರೆಯೇ ಸಂಸಾರ. ಅದಕ್ಕಿಂತ ಈ ಗುಂಪಿಗೆ ಹತ್ತಿರದ್ದು ‘ಬ್ಯಾಂಕ್‌ಶಾಲ್’ ಎಂಬ ಇನ್ನೊಂದು ಹಳೆಯ ಇಂಗ್ಲಿಷ್ ಪದ. ಬಂದರಿನ ಉಗ್ರಾಣ, ಬಂದರು ಅಧಿಕಾರಿಯ ಕಚೇರಿ ಎಂಬ ಅರ್ಥಗಳು ಅದಕ್ಕಿದ್ದವು. ಕೋಲ್ಕತ್ತಾದ ಬ್ಯಾಂಕ್‌ಶಾಲ್ ಸ್ಟ್ರೀಟಿನಲ್ಲಿ ಅದು ಇನ್ನೂ ಬದುಕಿದೆ. ಅಲ್ಲೊಂದು ನ್ಯಾಯಾಲಯವಿದೆ, ಬ್ಯಾಂಕಿಗೂ ಅದಕ್ಕೂ ಸಂಬಂಧವಿಲ್ಲ. ಮಲಯದಲ್ಲಿ ‘ಬಂಗ್ಸಾಲ್’.

ಬಂದರಿನವನು

ಬ್ಯಾಂಕ್‌ಶಾಲ್? ನಮ್ಮ ಹಿರಿಯರು ಪೇಟೆಯ ದಾಸ್ತಾನು ಮಳಿಗೆಗೆ ಭಂಡಸಾಲೆ ಎನ್ನುತ್ತಿದ್ದರು.

ನಿಘಂಟುಪ್ರಿಯ

ಅದೇ. ಸಂಸ್ಕೃತದ ‘ಭಾಂಡಶಾಲೆ’ಯಿಂದ ಎಂದು ಒಂದು ಪಕ್ಷ, ‘ವಣಿಕ್‌ಶಾಲೆ’ಯಿಂದ ಎಂದು ಇನ್ನೊಂದು ಪಕ್ಷ. ನಿಮ್ಮ ಭಂಡಸಾಲೆ ಮೊದಲನೆಯದಕ್ಕೆ ಸಾಕ್ಷಿ ಹೇಳುತ್ತದೆ. ಸಂಸ್ಕೃತಾಭಿಮಾನಿಯವರೇ, ಇದರಲ್ಲಿ ನಿಮ್ಮ ಪಾಲು ಖಂಡಿತ ಇದೆ. ಹೊಸ ಎಳೆ ತೆರೆಯಿರಿ, ನಾನು ಬರುತ್ತೇನೆ.